ಕಾರ್ಡ್ ಇದೆ, ತಿಳಿಸುವವರಿಲ್ಲ

ಮಾನ್ಯ ಸಂಪಾದಕರೇ,

ಅಪ್ಪನಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದು ಕಾಲಿನ ಗಾಯ ವಾಸಿಯಾಗದಿದ್ದಾಗ. ಹತ್ತಿರದ ಕ್ಲಿನಿಕ್‌ಗೆ ವರ್ಷಗಟ್ಟಲೆ ಹೋಗಿದ್ದೇವೆ. ಜ್ವರಕ್ಕೆ ಮಾತ್ರೆ, ಅಷ್ಟೇ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ ಎಂದು ಯಾರೂ ಹೇಳಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾತ್ರ ಬೀರುವಿನಲ್ಲಿ ಭದ್ರವಾಗಿತ್ತು! ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ನಿಜ. ಆದರೆ ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದು ನಮಗೆ ತಿಳಿದಿದ್ದು ಬಿಲ್ ಕೌಂಟರ್ ಮುಂದೆ ನಿಂತಾಗ. ಪ್ರತಿ ತಿಂಗಳು ಜನ ಸಾಲು ನಿಲ್ಲುವ ರೇಷನ್ ಅಂಗಡಿ ಗೋಡೆ ಮೇಲೆ ಇಷ್ಟನ್ನು ಬರೆಸುವುದು ಅಷ್ಟು ಕಷ್ಟವೇ?

ಓದುಗ, ತುಮಕೂರು