ಆ ಫೋನು ಯಾರ ಕೈಯಲ್ಲಿದೆ?

ಮಾನ್ಯ ಸಂಪಾದಕರೇ,

ಎಚ್‌ಐವಿ, ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು), ಹೆಪಟೈಟಿಸ್ ಬಿ (ಪಿತ್ತಜನಕಾಂಗದ ಸೋಂಕು) ತಾಯಿಯಿಂದ ಮಗುವಿಗೆ ದಾಟದಂತೆ ತಡೆಯಲು ಮೊಬೈಲ್ ಸಂದೇಶ, ಆಪ್ ಬಳಸುವ ಬಗ್ಗೆ ಈಗ ಜಾಸ್ತಿ ಮಾತು ಕೇಳಿಬರುತ್ತಿದೆ. ನಾನು ಇದರ ಪರ. ಆದರೆ ಸಂದೇಶ ಬರುವ ಫೋನು ಯಾರ ಕೈಯಲ್ಲಿರುತ್ತದೆ ಅನ್ನುವುದನ್ನು ಮೊದಲು ಕೇಳಬೇಕು.

ಈ ಮೂರನ್ನೂ ತಡೆಯಲು ದಾರಿ ಇದೆ, ಆದರೆ ಸರಿಯಾದ ದಿನ ತಪ್ಪಿಹೋಗುತ್ತದೆ. ಎಚ್‌ಐವಿ ಇರುವ ತಾಯಿಗೆ ಚಿಕಿತ್ಸೆಯೇ ಸಿಗದಿದ್ದರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಬಸುರಿಯಿದ್ದಾಗಿನಿಂದ ಎದೆಹಾಲು ಬಿಡಿಸುವವರೆಗೆ ಮಾತ್ರೆ ತಪ್ಪದಿದ್ದರೆ 5ಕ್ಕಿಂತ ಕೆಳಗೆ ಇಳಿಯುತ್ತದೆ. ಸಿಫಿಲಿಸ್ ಇದ್ದರೆ ಹೆರಿಗೆಗೆ 30 ದಿನ ಮೊದಲಾದರೂ ಪೆನ್ಸಿಲಿನ್ ಇಂಜೆಕ್ಷನ್ ಆಗಿರಬೇಕು. ಹೆಪಟೈಟಿಸ್ ಬಿ ಲಸಿಕೆ ಮಗು ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು, ಯಾಕೆಂದರೆ ಹುಟ್ಟುವಾಗಲೇ ಸೋಂಕು ತಗಲಿದ ಮಕ್ಕಳಲ್ಲಿ ನೂರಕ್ಕೆ 90ರಷ್ಟು ಮಂದಿಯಲ್ಲಿ ಅದು ಬೇರೂರಿಬಿಡುತ್ತದೆ. ಇಂಥ ದಿನಗಳನ್ನು ನೆನಪಿಸಲು ಫೋನು ಒಳ್ಳೆಯ ಸಾಧನವೇ.

ಆಫ್ರಿಕಾದ ಜಾಂಬಿಯಾದಲ್ಲಿ ಶಿಶುಗಳ ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು ಕಾಗದದ ಬದಲು ಎಸ್‌ಎಂಎಸ್‌ನಲ್ಲಿ ಆಸ್ಪತ್ರೆಗೆ ಕಳಿಸಿ ನೋಡಿದರು. ಸರಾಸರಿ 44 ದಿನ ಹಿಡಿಯುತ್ತಿದ್ದದ್ದು 27ಕ್ಕೆ ಇಳಿಯಿತು. ಎಚ್‌ಐವಿ ತಗಲಿದ ಕೂಸುಗಳಲ್ಲಿ ಚಿಕಿತ್ಸೆ ಇಲ್ಲದೆ ಮೂರರಲ್ಲೊಂದು ಮೊದಲ ವರ್ಷ ದಾಟುವುದಿಲ್ಲ, ಅಂದಮೇಲೆ ಈ 17 ದಿನ ಸಣ್ಣದಲ್ಲ ಅಲ್ವಾ?

ಆದರೆ ಆ ಎಸ್‌ಎಂಎಸ್ ಹೋದದ್ದು ಆಸ್ಪತ್ರೆಗೆ. ಮನೆಗೆ ಬರುವ ಸಂದೇಶದ ಕಥೆ ಬೇರೆ. ಎಷ್ಟೋ ಹೆಂಗಸರಿಗೆ ಸ್ವಂತ ಫೋನೇ ಇರುವುದಿಲ್ಲ, ಇದ್ದರೂ ಗಂಡ, ಅತ್ತೆ, ಮಕ್ಕಳು ಯಾರು ಬೇಕಾದರೂ ತೆಗೆದು ನೋಡುತ್ತಾರೆ. ಅಲ್ಲಿ ಕಾಯಿಲೆಯ ಹೆಸರು ಒಮ್ಮೆ ಕಂಡರೆ ಆ ಹೆಣ್ಣಿನ ಗತಿ ಏನು? ಬೈಗುಳ, ಹೊಡೆತ, ಮನೆಯಿಂದ ಆಚೆ. ಆಮೇಲೆ ಅವಳು ಮಾತ್ರೆಗೂ ಬರುವುದಿಲ್ಲ, ಮಗುವಿನ ಪರೀಕ್ಷೆಗೂ ಬರುವುದಿಲ್ಲ. ಹಾಗಾಗಿ "ನಾಳೆ ತಪಾಸಣೆಗೆ ಬನ್ನಿ" ಅನ್ನುವಷ್ಟೇ ಸಾಕು. ಕಳಿಸಿದವರ ಹೆಸರಿನಲ್ಲೂ, ಆಪ್‌ನ ಚಿತ್ರದಲ್ಲೂ ಕಾಯಿಲೆಯ ಸುಳಿವು ಇರಬಾರದು. ಯಾವ ನಂಬರಿಗೆ, ಯಾವ ಹೊತ್ತಿಗೆ, ಓದುವಂತೆ ಬೇಕಾ ಕೇಳುವಂತೆ ಬೇಕಾ, ಇದನ್ನು ಅವಳನ್ನೇ ಒಬ್ಬಳನ್ನೇ ಕೂರಿಸಿ ಕೇಳಬೇಕು. ಬೇಡ ಅಂದರೆ ಬೇಡ, ಅದಕ್ಕಾಗಿ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗಬಾರದು.

ಇನ್ನೊಂದು ವಿಷಯ. ಹುಟ್ಟಿದ ಮಗುವಿಗೆ ಹೆಸರೇ ಇಟ್ಟಿರುವುದಿಲ್ಲ. ತಾಯಿಯ ದಾಖಲೆ ಒಂದು ಕಡೆ, ಮಗುವಿನದು ಇನ್ನೊಂದು ಕಡೆ ಹೋದರೆ ನಾಲ್ಕರಿಂದ ಆರು ವಾರಕ್ಕೆ ಆಗಬೇಕಾದ ಮಗುವಿನ ಎಚ್‌ಐವಿ ರಕ್ತಪರೀಕ್ಷೆ ಯಾರಿಗೂ ನೆನಪಾಗುವುದಿಲ್ಲ. ಇಬ್ಬರನ್ನೂ ಹೆರಿಗೆಯ ದಿನವೇ ಒಂದೇ ಕಡತದಲ್ಲಿ ಜೋಡಿಸಿದರೆ ಕಂಪ್ಯೂಟರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಸಂದೇಶ ಕಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಾಯಿ ಬರಲಿಲ್ಲ ಅಂದರೆ, ಅಥವಾ "ಮಾತ್ರೆ ತಗೊಂಡರೆ ವಾಂತಿ ಆಗುತ್ತಿದೆ" ಅಂತ ಮರಳಿ ಬರೆದರೆ, ಅದನ್ನು ನೋಡುವ ನರ್ಸ್ ಯಾರು, ಎಷ್ಟು ಹೊತ್ತಿನೊಳಗೆ ಅವಳನ್ನು ಮಾತಾಡಿಸುತ್ತಾರೆ? ಆಪ್ ಶುರು ಮಾಡುವವರು ಮೊದಲ ದಿನವೇ ಇದನ್ನು ತಿಳಿಸಲಿ.

ಇಂತಿ,
ಒಬ್ಬ ಓದುಗರು