ಎಎಫ್‌ಪಿ ನಾರ್ಮಲ್ ಬಂದ ಮಾತ್ರಕ್ಕೆ ಸ್ಕ್ಯಾನಿಂಗ್ ಬಿಡಬೇಡಿ

ಮಾನ್ಯ ಸಂಪಾದಕರೇ,

ಯಕೃತ್ತಿನ ಕ್ಯಾನ್ಸರನ್ನು ಒಂದೇ ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದೆಂಬ ಸುದ್ದಿಗಳು ಆರೋಗ್ಯ ಪುಟಗಳಲ್ಲಿ ಆಗಾಗ ಬರುತ್ತಿವೆ. ಹಲವು ವರ್ಷಗಳಿಂದ ಪ್ರಯೋಗಾಲಯವೊಂದರಲ್ಲಿ ಇಂಥ ವರದಿಗಳನ್ನೇ ಸಿದ್ಧಪಡಿಸುತ್ತಿರುವವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಪರೀಕ್ಷೆಗಳಲ್ಲಿ ಹಳೆಯದು ಆಲ್ಫಾ ಫೀಟೋಪ್ರೋಟೀನ್, ಅಂದರೆ ಎಎಫ್‌ಪಿ. ಗರ್ಭದಲ್ಲಿರುವ ಶಿಶುವಿನ ಯಕೃತ್ತು ತಯಾರಿಸುವ ಈ ಪ್ರೋಟೀನ್ ಹುಟ್ಟಿದ ಮೇಲೆ ಬಹುಮಟ್ಟಿಗೆ ಮರೆಯಾಗುತ್ತದೆ. ಯಕೃತ್ತಿನ ಗಡ್ಡೆಯಿರುವ ಇಲಿಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವುದನ್ನು 1963ರಲ್ಲಿ ಗ್ಯಾರಿ ಅಬೆಲೆವ್ ಮತ್ತು ಸಂಗಡಿಗರು ತೋರಿಸಿದರು. ಮರುವರ್ಷ ಯೂರಿ ತತಾರಿನೋವ್ ರೋಗಿಗಳ ರಕ್ತದಲ್ಲೂ ಅದನ್ನು ಕಂಡರು. ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಇದೇ. ಆದರೆ ಗಡ್ಡೆ ಚಿಕ್ಕದಿರುವಾಗ, ಅಂದರೆ ಚಿಕಿತ್ಸೆ ಫಲಿಸುವ ಹೊತ್ತಿನಲ್ಲಿ, ಅನೇಕರಲ್ಲಿ ಎಎಫ್‌ಪಿ ಏರುವುದೇ ಇಲ್ಲ. ಹೆಪಟೈಟಿಸ್, ಅಂದರೆ ಯಕೃತ್ತಿನ ಉರಿಯೂತ, ಉಲ್ಬಣಿಸಿದಾಗಲೂ ಗರ್ಭಿಣಿಯರಲ್ಲೂ ಕ್ಯಾನ್ಸರ್ ಇಲ್ಲದೆಯೇ ಏರುತ್ತದೆ.

ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ರೋಗ) ಇದ್ದ ಒಬ್ಬರು ಆರಾರು ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ಮೂರನೆಯ ಸಲ ವರದಿಯನ್ನು ಮಡಚಿ ಅಂಗಿಯ ಜೇಬಿಗಿಡುತ್ತಾ, "ನಾರ್ಮಲ್ ಬಂತಲ್ಲ, ಇನ್ನು ಸ್ಕ್ಯಾನಿಂಗ್ ಬೇಡ ತಾನೇ?" ಎಂದು ಕೇಳಿದರು. ಯಾಕೋ ಹಿಂದಿನ ವರದಿಗಳನ್ನೂ ತೆಗೆದು ನೋಡಿದೆ: ಮಿಲಿಲೀಟರಿಗೆ 4, 8, 15 ನ್ಯಾನೋಗ್ರಾಂ. ಮೂರೂ 20ರ ಗಡಿಯೊಳಗೇ ಇದ್ದುದರಿಂದ ಯಂತ್ರ ಯಾವುದಕ್ಕೂ ಎಚ್ಚರಿಕೆಯ ಗುರುತು ಹಾಕಿರಲಿಲ್ಲ. ಆದರೆ ಪ್ರತಿ ಸಲವೂ ಅಂಕಿ ಸುಮಾರು ಇಮ್ಮಡಿಯಾಗಿತ್ತು. ಅವರ ವೈದ್ಯರಿಗೆ ಫೋನ್ ಮಾಡಿದೆ. ಆ ವಾರವೇ ಮಾಡಿದ ಅಲ್ಟ್ರಾಸೌಂಡಿನಲ್ಲಿ ಎರಡು ಸೆಂಟಿಮೀಟರಿನ ಗಂಟು ಸಿಕ್ಕಿತು. ಬಣ್ಣದ್ರವ ಕೊಟ್ಟು ಮಾಡಿದ ಸಿಟಿ ಸ್ಕ್ಯಾನಿನಲ್ಲಿ ಅದು ಮೊದಲು ಬೆಳಗಿ ಆಮೇಲೆ ಮಂಕಾದದ್ದರಿಂದ, ಸೂಜಿ ಚುಚ್ಚಿ ತುಣುಕು ತೆಗೆಯುವ ಅಗತ್ಯವಿಲ್ಲದೆಯೇ ರೋಗ ಖಚಿತವಾಯಿತು. ಅವರು ಕೇಳದೇ ಹೊರಟುಬಿಟ್ಟಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಹೊಸ ಸೂಚಕಗಳ ಬಗ್ಗೆ ನನಗೆ ನಿಜವಾದ ಭರವಸೆಯಿದೆ. ಚನ್ನಂಗಿ ಕಾಳಿನಿಂದ ತೆಗೆದ ಲೆಕ್ಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಎಎಫ್‌ಪಿಯ ಅಂಶವನ್ನು ಎಎಫ್‌ಪಿ-ಎಲ್3 ಎಂದು ಬೇರೆಯಾಗಿ ಅಳೆಯುತ್ತಾರೆ. ಅದು ಕ್ಯಾನ್ಸರಿಗೆ ಹೆಚ್ಚು ನಿರ್ದಿಷ್ಟ. ಪಿವ್ಕಾ-2 ಎಂಬುದು ಗಡ್ಡೆಯ ಕೋಶಗಳು ಅರೆಬರೆಯಾಗಿ ತಯಾರಿಸುವ ಪ್ರೋಥ್ರಾಂಬಿನ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್. ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವವರಲ್ಲೂ ವಿಟಮಿನ್ ಕೆ ಕೊರತೆಯಿದ್ದವರಲ್ಲೂ ಇದು ಏರುವುದರಿಂದ ಮಾತ್ರೆಗಳ ಬಗ್ಗೆ ಕೇಳದೆ ಈ ವರದಿಯನ್ನು ಓದಬಾರದು. ಎಎಫ್‌ಪಿ ಸೇರಿದಂತೆ ಈ ಮೂರನ್ನೂ ವಯಸ್ಸು ಮತ್ತು ಲಿಂಗದೊಡನೆ ಕೂಡಿಸಿ ಲೆಕ್ಕಹಾಕುವ ಗ್ಯಾಲಡ್ ಅಂಕ, ಬಿಡಿಬಿಡಿಯಾಗಿ ನೋಡುವುದಕ್ಕಿಂತ ಮೇಲು. ಗಡ್ಡೆಯಿಂದ ರಕ್ತಕ್ಕೆ ಸೋರುವ ಡಿಎನ್‌ಎ ತುಣುಕುಗಳ ಮೇಲಿನ ಮೀಥೈಲ್ ಎಂಬ ರಾಸಾಯನಿಕ ಗುರುತುಗಳನ್ನು ಓದುವ ಪರೀಕ್ಷೆಗಳೂ ಬರುತ್ತಿವೆ.

ಇವುಗಳ ಸುದ್ದಿ ಪ್ರಕಟಿಸುವಾಗ ತಾವು ಒಂದು ಪ್ರಶ್ನೆ ಕೇಳಬೇಕೆಂದು ವಿನಂತಿ: ಈ ಪರೀಕ್ಷೆಯನ್ನು ಯಾರ ಮೇಲೆ ನಡೆಸಿ ನೋಡಿದ್ದಾರೆ? ಬಲಿತ ಕ್ಯಾನ್ಸರ್ ಇರುವವರನ್ನೂ ಪೂರ್ಣ ಆರೋಗ್ಯವಂತರನ್ನೂ ಹೋಲಿಸಿದರೆ ಯಾವ ಪರೀಕ್ಷೆಯೂ ಸೊಗಸಾಗಿಯೇ ಕಾಣುತ್ತದೆ. ನಮಗೆ ಬೇಕಾದದ್ದು, ಸಿರೋಸಿಸ್‌ನಿಂದ ಈಗಾಗಲೇ ಗಂಟುಗಂಟಾದ ಯಕೃತ್ತಿನಲ್ಲಿ ಒಂದು ಚಿಕ್ಕ ಕ್ಯಾನ್ಸರನ್ನು ಬೇರ್ಪಡಿಸಿ ತೋರಿಸುವ ಸಾಮರ್ಥ್ಯ.

ಸಿರೋಸಿಸ್ ಇರುವವರು, ಮತ್ತು ಹೆಪಟೈಟಿಸ್ ಬಿ ಇರುವವರಲ್ಲಿ ವೈದ್ಯರು ಸೂಚಿಸಿದವರು, ಎಎಫ್‌ಪಿ ಎಷ್ಟೇ ಬರಲಿ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಪ್ರಯೋಗಾಲಯಗಳು ಈ ಒಂದು ಸಾಲನ್ನು, ರೋಗಿಯ ಹಿಂದಿನ ಅಂಕಿಗಳ ಸಮೇತ, ಪ್ರತಿ ಎಎಫ್‌ಪಿ ವರದಿಯ ಕೆಳಗೆ ಮುದ್ರಿಸಬೇಕೆಂಬುದು ನನ್ನ ಕೋರಿಕೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಪ್ರಯೋಗಾಲಯ ತಂತ್ರಜ್ಞ