ಎಳೆ ಹಿಡಿಯದ ರಿಂಗ್

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಗುಂಪಿನ ಕೈಮಗ್ಗದ ಗೆಳತಿಗೆ ಈ ಸಲ ಸನ್ಮಾನ, ಶೀಲ್ಡ್ ಬದಲು ನೀನೇ ಬೆಳ್ಳಿಯ ಸಣ್ಣ ರಿಂಗುಗಳನ್ನು ಒಂದಕ್ಕೊಂದು ಕೋದು ಚೈನ್‌ಮೇಲ್ ಬ್ರೇಸ್‌ಲೆಟ್ ಹೆಣೆದು ಕೊಡ್ತೀಯ ಅಂತ ಓದಿ ತುಂಬಾ ಖುಷಿಯಾಯಿತು. ಶೀಲ್ಡ್ ಗೋಡೆಯ ಮೇಲೆ ಧೂಳು ಹಿಡಿಯುತ್ತದೆ. ಇದು ಅವಳ ಕೈಮೇಲೇ ಇರುತ್ತದೆ.

ಫೋಟೋ ದೊಡ್ಡದು ಮಾಡಿ ನೋಡಿದೆ. ಬೈಜಾಂಟೈನ್ ಅನ್ನೋ ಮಾದರಿಯ ಹೆಣಿಗೆ ಚೆನ್ನಾಗಿ ಕೂತಿದೆ. 1 ಮಿ.ಮೀ. ತಂತಿಗೆ ರಿಂಗಿನ ಒಳ ಅಗಲ 3.5 ಮಿ.ಮೀ. ಇಟ್ಟದ್ದು ಸರಿಯಾದ ಲೆಕ್ಕ. 92.5ರ ಬೆಳ್ಳಿ (ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಬೇರೆ ಲೋಹ) ತಗೊಂಡದ್ದೂ ಒಳ್ಳೆಯದಾಯಿತು, ಅಪ್ಪಟ ಬೆಳ್ಳಿಯಾದರೆ ಮೆತ್ತಗೆ, ತುದಿಗಳು ಸೇರುವ ಕಡೆ ರಿಂಗ್ ಬಾಯಿ ಬಿಡುತ್ತದೆ. ಆದರೆ ನಾಲ್ಕೈದು ರಿಂಗುಗಳ ಬಾಯಿ ಕೂದಲೆಳೆಯಷ್ಟು ತೆರೆದಿದೆ. ಬೇರೆಯವರಿಗಾದರೆ ನಡೆದೀತು. ಇವಳು ನೇಯುವವಳು ಕಣಮ್ಮ, ದಿನವಿಡೀ ಮಗ್ಗದ ಹಾಸಿನ ಎಳೆಗಳ ಮೇಲೆ ಕೈ ಆಡಿಸುವವಳು, ತೆರೆದ ಬಾಯಿಗೆ ಎಳೆ ಸಿಕ್ಕೀತು. ಮಗ್ಗಕ್ಕೆ ಕೂರುವಾಗ ತೆಗೆದಿಡ್ತಾಳೆ ಅಂತೀಯ. ಮರೆತ ದಿನವೂ ಇರುತ್ತಲ್ವಾ?

ನಾನು ಕೆಲಸ ಕಲಿತ ಹೊಸದರಲ್ಲಿ ಒಂದು ಬೆಳ್ಳಿ ಸರದ ಕೊಂಡಿಗೆ ಬೆಸುಗೆ ಸರಿಯಾಗಿ ಕೂರಿಸದೆ ಕೊಟ್ಟುಬಿಟ್ಟೆ. ವಾರದೊಳಗೆ ಆ ತಾಯಿ ಸೆರಗು ಹಿಡಿದುಕೊಂಡು ಬಂದರು. ಜರಿಯ ಎಳೆ ಗೇಣುದ್ದ ಕಿತ್ತು ಬಂದಿತ್ತು. ಒಂದು ಮಾತೂ ಬೈಯಲಿಲ್ಲ. ಆ ಸೆರಗು ಇವತ್ತಿಗೂ ಕಣ್ಣಮುಂದಿದೆ.

ನಿನ್ನ ಹೆಣಿಗೆಗೆ ಬೆಸುಗೆ ಇಲ್ಲ. ಹಳೇ ಕಾಲದ ಯುದ್ಧದ ಕವಚಗಳಲ್ಲಿ ರಿಂಗಿನ ತುದಿಗಳನ್ನು ತಟ್ಟಿ, ಒಂದರ ಮೇಲೊಂದಿಟ್ಟು ರಿವೆಟ್ (ಸಣ್ಣ ಮೊಳೆ) ಹೊಡೆಯುತ್ತಿದ್ದರು. ನಿನ್ನದರಲ್ಲಿ ತುದಿಗೆ ತುದಿ ಮುಟ್ಟಿಸುವುದಷ್ಟೇ, ಹಾಗಾಗಿ ಎಲ್ಲ ಇಕ್ಕಳದ ಕೈಯಲ್ಲಿದೆ. ಬಾಯಿಯನ್ನು ಅಗಲಿಸಿ ತೆಗೆಯಬೇಡ, ದುಂಡು ಕೆಡುತ್ತದೆ. ಒಂದು ತುದಿಯನ್ನು ನಿನ್ನ ಕಡೆ, ಇನ್ನೊಂದನ್ನು ಆಚೆ ಕಡೆ ತಿರುಗಿಸು. ಮುಚ್ಚುವಾಗ ತುದಿಗಳನ್ನು ಒಳಕ್ಕೆ ಒತ್ತುತ್ತಾ, ಒಂದನ್ನೊಂದು ತುಸು ದಾಟಿಸಿ ವಾಪಸ್ ತಾ. ಉಜ್ಜಿ 'ಕಿಟ್' ಅನ್ನುತ್ತದೆ. ಆ ಸದ್ದು ಬರುವವರೆಗೂ ಬಿಡಬೇಡ. ಕಟರ್‌ನಲ್ಲಿ ಕತ್ತರಿಸಿದ ರಿಂಗಿನ ತುದಿ ಚೂಪಾಗಿರುತ್ತದೆ, ಎಷ್ಟು ಒತ್ತಿದರೂ ಸಂದು ಉಳಿಯುತ್ತದೆ. ಸಣ್ಣ ಗರಗಸದಲ್ಲಿ ಕೊಯ್ದದ್ದನ್ನೇ ಹಾಕು. ನಿಧಾನ ಆಗುತ್ತೆ, ಆಗಲಿ.

ಗೆಜ್ಜೆ, ಪದಕ ಏನೂ ತೂಗುಬಿಡಬೇಡ. ಕೊಕ್ಕೆ ಒಂದೇ ಕೈಯಲ್ಲಿ ಹಾಕಿ ತೆಗೆಯುವಂಥದ್ದಿರಲಿ.

ಮುಗಿದ ಮೇಲೆ ಹಳೇ ನೈಲಾನ್ ಕಾಲುಚೀಲದ ಮೇಲೆ ನಾಲ್ಕೂ ಮಗ್ಗುಲನ್ನು ಮೆಲ್ಲಗೆ ಎಳೆದು ನೋಡು. ಎಲ್ಲಿ ಸಿಕ್ಕಿಕೊಂಡಿತೋ ಆ ರಿಂಗ್ ಬಿಚ್ಚಿ ಹೊಸದು ಹಾಕು. ಆಮೇಲೆ ಹತ್ತಿರದಿಂದ ಇನ್ನೊಂದು ಫೋಟೋ ಕಳಿಸು, ಬಾಯಿಗಳು ಕಾಣುವ ಹಾಗೆ. ಕಾಯುತ್ತಿರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ